ತಿಳಿಗೋಂದು

"ಗಟ್ಟಿ ಮಾಡಿಬಿಟ್ಟಿದ್ದೀಯಲ್ಲೇ ದರಿದ್ರದೋಳೇ. ಇದನ್ನ ಕೀಳೋಕೆ ನಿಮ್ಮಪ್ಪ ಬರ್ತಾನಾ?"

ಹೆಡ್ ಗುಮಾಸ್ತ ಬೀದಿಯ ನಡುವೆ ನಿಂತು ಬೈಯುತ್ತಿದ್ದ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಬಿಸಿಲಿಗೆ ಅಡ್ಡವಾಗಿ ಹುಬ್ಬಿನ ಮೇಲೆ. ಅವಳು ಬಕೆಟ್ಟಿಗೆ ಅರ್ಧ ಚೊಂಬು ನೀರು ಸುರಿದು ಕೋಲಿನಿಂದ ತಿರುವಿದಳು. ಬೆಳಿಗ್ಗೆ ಆಫೀಸಿನ ಹಿಂದಿನ ಶೆಡ್ಡಿನಲ್ಲಿ ಹಿಟ್ಟು ಕುದಿಸಿ ಮಾಡಿದ ಗೋಂದು ಅದು. ಬಿಸಿಲಿಗೆ ಆಗಲೇ ಕೆನೆ ಕಟ್ಟಿತ್ತು.

"ಈಗ ನೋಡಿ ಸಾರ್."

"ನನಗೇನು ತೋರಿಸ್ತೀಯ, ಬಾಗಿಲಿಗೆ ಬಳಿ."

ಅವಳು ಬಳಿದಳು. ನಾಲ್ಕು ಮೂಲೆಗೆ ನಾಲ್ಕು ಬೊಟ್ಟು, ಅಷ್ಟೇ. ನೋಟೀಸನ್ನು ಇಟ್ಟು ಅಂಗೈಯಿಂದ ಒತ್ತಿ ಹಿಡಿದಳು. ಗುಮಾಸ್ತ ಫೋಟೋ ತೆಗೆದ. "ಹ್ಞೂ, ಕೀಳು." ಅವಳು ಕೆಳಗಿನ ಅಂಚು ಹಿಡಿದು ಮೇಲಕ್ಕೆ ಸುಲಿದಳು. ಕಾಗದ ಹರಿಯದೆ ಬಂತು. ಒದ್ದೆ ಚಿಂದಿಯಿಂದ ಬಾಗಿಲು ಒರೆಸಿ, ಕಿತ್ತ ಕಾಗದವನ್ನು ಚೀಲಕ್ಕೆ ತುರುಕಿ, ಪಕ್ಕದ ಬಾಗಿಲಿಗೆ ಹೋದಳು. ಅಲ್ಲಿ ಬೀಗ. ಅದರಾಚೆಯದಕ್ಕೂ ಬೀಗ. ನಡು ಮಧ್ಯಾಹ್ನ ಅಂಥ ಬೀದಿಗಳಲ್ಲಿ ಮನೆಯಲ್ಲಿ ಯಾರಿರುತ್ತಾರೆ? ಕೈಕಾಲು ನೆಟ್ಟಗಿದ್ದವರೆಲ್ಲ ದುಡಿಮೆಗೆ ಹೋಗಿರುತ್ತಾರೆ. ಯಾವುದಾದರೂ ಮುದುಕಿ ಇಣುಕಿ ಏನಪ್ಪಾ ಅಂದರೆ ಗುಮಾಸ್ತ, "ಸೊಳ್ಳೆ ಔಷಧಿದು ಸರ್ವೆ ಅಜ್ಜಿ, ಒಳಗೆ ಹೋಗು" ಅನ್ನುತ್ತಿದ್ದ.

ಸಂಜೆಯೊಳಗೆ ನೂರಾ ಹತ್ತು ಬಾಗಿಲು ಮುಗಿದವು. ಒಂದು ಬಾಗಿಲಲ್ಲೂ ಒಂದು ಚೂರು ಕಾಗದ ಉಳಿಯಲಿಲ್ಲ.

ನಗರ ಯೋಜನಾ ಇಲಾಖೆಯ ಆ ಹಳೆಯ ಕಟ್ಟಡದಲ್ಲಿ ಅವಳು ಕಸ ಗುಡಿಸಲು ಸೇರಿ ಒಂಬತ್ತು ವರ್ಷವಾಗಿತ್ತು. ಗಂಡ ಸತ್ತ ಮೇಲೆ ಬಾಡಿಗೆಗೆ ದಾರಿಯಿಲ್ಲದೆ ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲೇ ಮಲಗುತ್ತಿದ್ದಳು. ತಲೆಯ ಮೇಲೆ ದಿನವಿಡೀ ಜನರ ಕಾಲು. ಯಾರು ಹತ್ತಿದರು, ಯಾರು ಇಳಿದರು, ಯಾರ ಕೆಲಸ ಆಗಲಿಲ್ಲ ಅನ್ನುವುದನ್ನು ಚಪ್ಪಲಿ ಸದ್ದಿನಲ್ಲೇ ಹೇಳುತ್ತಿದ್ದಳು. ಕೆಲಸ ಆಗದವರು ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಊರಿ ಇಳಿಯುತ್ತಾರೆ. ಆಫೀಸಿನಲ್ಲಿ ಅವಳನ್ನು ಪೊರಕೆ ಅಂತಲೇ ಕರೆಯುತ್ತಿದ್ದರು. ಹೊಸ ಸಾಹೇಬರು ಬಂದು ಆರು ತಿಂಗಳಿಗೆ ಗೋಂದು ಅಂತಾಯಿತು.

ಹೊಸ ಸಾಹೇಬರು ಒಳ್ಳೆಯ ಮನುಷ್ಯರು ಎಂದು ಎಲ್ಲರೂ ಹೇಳುತ್ತಿದ್ದರು. ಅವರು ಯಾರಿಗೂ ಬೈದದ್ದಿಲ್ಲ, ಟೀ ಕೂಡ ಮನೆಯಿಂದ ತರುತ್ತಿದ್ದರು. ಬಂದ ಮೊದಲ ದಿನ ಕಪಾಟುಗಳನ್ನು ತೆರೆಸಿ, ಹದಿನೈದು ವರ್ಷದಿಂದ ಕೊಳೆಯುತ್ತ ಬಿದ್ದಿದ್ದ ಅರ್ಜಿಗಳ ಕಟ್ಟುಗಳನ್ನು ನೋಡಿ ಮೂಗಿಗೆ ಕರವಸ್ತ್ರ ಹಿಡಿದರು. ಎಲ್ಲವೂ ಬಡವರ ಅರ್ಜಿಗಳು. ನಾವು ಕಟ್ಟಿಕೊಂಡ ಮನೆಗೆ ನಕ್ಷೆ ಇಲ್ಲ, ಮಂಜೂರಾತಿ ಇಲ್ಲ, ದಯವಿಟ್ಟು ಸಕ್ರಮ ಮಾಡಿಕೊಡಿ ಎಂದು ಬೇಡಿಕೊಂಡವು. ಸಾಹೇಬರು ಗೋಡೆಗೆ ದೊಡ್ಡ ಪರದೆ ಹಾಕಿಸಿದರು. ಒಂದು ಅರ್ಜಿಗೆ ಒಂದು ಚುಕ್ಕಿ. ಬಾಕಿ ಇದ್ದರೆ ಕೆಂಪು, ವಿಲೇವಾರಿ ಆದರೆ ಹಸಿರು. ಮೂವತ್ತು ದಿನದಲ್ಲಿ ಪ್ರತಿ ಅರ್ಜಿಯೂ ಹಸಿರಾಗಬೇಕು. ಅರ್ಜಿದಾರರಿಗೆ ನೋಟೀಸು ಕೊಟ್ಟು ವಿಚಾರಣೆಗೆ ಕರೆಯಿರಿ, ಕಾಗದಪತ್ರ ನೋಡಿ ತೀರ್ಮಾನ ಮಾಡಿ, ಬರದಿದ್ದರೆ ಗೈರುಹಾಜರಿ ಎಂದು ಬರೆದು ಅರ್ಜಿ ತಿರಸ್ಕರಿಸಿ ಎಂದರು. ನೋಟೀಸು ಮುಟ್ಟಿದ್ದಕ್ಕೆ ಬಾಗಿಲಿನ ಫೋಟೋ ಸಾಕು.

ಆ "ಬರದಿದ್ದರೆ" ಎಂಬ ಮಾತನ್ನು ಗುಮಾಸ್ತ ಗಟ್ಟಿಯಾಗಿ ಹಿಡಿದುಕೊಂಡ. ಬಂದವನ ಅರ್ಜಿ ಅರ್ಧ ದಿನ ತಿನ್ನುತ್ತದೆ. ಬಂದವನು ಅಳುತ್ತಾನೆ, ಕಾಲು ಹಿಡಿಯುತ್ತಾನೆ, ಇನ್ನೊಂದು ದಿನಾಂಕ ಕೇಳುತ್ತಾನೆ. ಬರದವನದು ಒಂದು ನಿಮಿಷದ ಕೆಲಸ. ತಿರಸ್ಕರಿಸಿದರೂ ಚುಕ್ಕಿ ಹಸಿರೇ, ಎರಡು ವಾರದಲ್ಲಿ ಆ ಮನೆ ಕೆಡವಲು ಯಂತ್ರ ಹೊರಡುತ್ತದೆ.

ಇದೆಲ್ಲ ಅವಳಿಗೆ ಮೊದಮೊದಲು ತಿಳಿದಿರಲಿಲ್ಲ. "ಲೆಕ್ಕಕ್ಕೆ ಒಂದು ಫೋಟೋ ಬೇಕು, ಆಮೇಲೆ ಕಾಗದ ಇದ್ರೆ ಗೋಡೆ ಗಲೀಜಾಗುತ್ತೆ ಅಂತ ಸಾಹೇಬ್ರು ಬೈತಾರೆ" ಎಂದಿದ್ದ ಗುಮಾಸ್ತ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಂಕಿ ಬರುತ್ತಿತ್ತು, ಅಕ್ಷರ ಕೂಡಿಸಿ ಓದಲು ಹೊತ್ತು ಹಿಡಿಯುತ್ತಿತ್ತು. ಅವಳಿಗೆ ಅರ್ಥವಾಗಿದ್ದು ಒಂದೇ ಮಾತು: "ಹೀಗೇ ಮಾಡ್ಕೊಂಡು ಹೋಗು, ಖಾಯಂ ಪಟ್ಟೀಲಿ ನಿನ್ನ ಹೆಸರು ಹಾಕಿಸ್ತೀನಿ." ಒಂಬತ್ತು ವರ್ಷ ಕಾದಿದ್ದ ಮಾತು ಅದು. ಖಾಯಂ ಅಂದರೆ ಬೆಳಕಿರುವ ಕೋಣೆ. ಖಾಯಂ ಅಂದರೆ ಜ್ವರ ಬಂದ ದಿನ ಮಲಗಬಹುದು.

ಅವಳಿಗೆ ತಿಳಿದದ್ದು ಕೊಡೆ ರಿಪೇರಿಯವರ ಸಾಲು ಬಿದ್ದ ದಿನ.

ಯಂತ್ರ ಬಂದು ಗೋಡೆಗಳನ್ನು ಕೆಡವಿದ ಮೇಲೆ ರಸ್ತೆಗೆ ಚೆಲ್ಲಿದ್ದನ್ನು ಬಳಿಯಲು ಆಫೀಸಿನಿಂದ ಅವಳನ್ನೂ ಕಳಿಸಿದ್ದರು. ಮುರಿದ ಇಟ್ಟಿಗೆಗಳ ನಡುವೆ ಕೊಡೆಯ ಕಡ್ಡಿಗಳು ಸತ್ತ ಹಕ್ಕಿಗಳ ಎಲುಬಿನ ಹಾಗೆ ಎದ್ದು ನಿಂತಿದ್ದವು. ಒಬ್ಬ ತಾತ ಅವನ್ನು ಒಂದೊಂದಾಗಿ ಆಯ್ದು ನೇರ ಮಾಡಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದ. ಅವಳ ಸಮವಸ್ತ್ರ ನೋಡಿ ಕರೆದ.

"ಮಗಳೇ, ನೀನು ಆ ಆಫೀಸಿನೋಳಾ?"

"ಕಸ ಗುಡಿಸೋಳು ತಾತ."

"ಆರು ಸಲ ಬಂದಿದ್ದೆ ನಿಮ್ಮಲ್ಲಿಗೆ. ಪ್ರತಿ ಸಲಾನೂ ನೋಟೀಸು ಬರುತ್ತೆ, ಆಗ ಬಾ ಅಂದ್ರು. ಅದಕ್ಕೇ ಬಾಗಿಲು ಬಿಟ್ಟು ಎಲ್ಲಿಗೂ ಹೋಗ್ತಿರ್ಲಿಲ್ಲ. ಬಾಗಿಲಲ್ಲೇ ಕೂತು ಕೆಲಸ ಮಾಡ್ತಿದ್ದೆ. ಒಂದು ದಿನ, ಒಂದೇ ಒಂದು ಮಧ್ಯಾಹ್ನ ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಈಗ ನೋಡಿದ್ರೆ ಬಾಗಿಲಿಗೆ ಹಚ್ಚಿದ್ವಿ, ನೀನು ಬರ್ಲಿಲ್ಲ ಅಂತಾರೆ. ಹಚ್ಚಿದ್ರೆ ನನ್ನ ಕಣ್ಣಿಗೆ ಕಾಣ್ಲಿಲ್ಲವೇನು? ಕಣ್ಣು ಮಂಜು ನಿಜ. ಅಷ್ಟು ದೊಡ್ಡ ಕಾಗದ ಕಾಣದಷ್ಟು ಮಂಜಾಗಿತ್ತಾ ಅಂತ ಯೋಚನೆ ಮಾಡ್ತಾ ಇದ್ದೀನಿ."

ಅವನು ಅವಳನ್ನು ಬೈಯಲಿಲ್ಲ. ತನ್ನ ಕಣ್ಣನ್ನೇ ಬೈದುಕೊಳ್ಳುತ್ತಿದ್ದ. ಅವಳು ಬುಟ್ಟಿಗೆ ಮಣ್ಣು ತುಂಬುತ್ತ ತುಂಬುತ್ತ ಅವನ ಮನೆಯ ಬಾಗಿಲು ಯಾವುದಿತ್ತು ಎಂದು ನೆನಪು ಮಾಡಿಕೊಂಡಳು. ಹಸಿರು ಬಾಗಿಲು. ಪಕ್ಕದಲ್ಲಿ ಕುಳಿತುಕೊಳ್ಳಲು ಒಂದು ಮರದ ಪೆಟ್ಟಿಗೆ. ಆ ಪೆಟ್ಟಿಗೆಯ ಮೇಲೆ ಅವಳು ಗೋಂದಿನ ಬಕೆಟ್ಟು ಇಟ್ಟಿದ್ದಳು.

ಅವತ್ತು ಸಂಜೆ ಗುಮಾಸ್ತನನ್ನು ಕೇಳಿದಳು. "ಸಾರ್, ನಾವು ಕೀಳೋದ್ರಿಂದ ಅವ್ರಿಗೆ ಗೊತ್ತಾಗಲ್ವಲ್ಲ."

ಅವನು ಕನ್ನಡಕದ ಮೇಲಿಂದ ನೋಡಿದ. "ಗೊತ್ತಾಗಿ ಏನು ಕಿಸೀತಿದ್ರು? ಒಬ್ಬನ ಹತ್ರಾನಾದ್ರೂ ನೆಟ್ಟಗೆ ಕಾಗದ ಇದೆಯಾ? ಇವತ್ತಲ್ಲ ನಾಳೆ ಬೀಳೋ ಮನೆಗಳು. ನೀನು ಕಾಗದ ಕಿತ್ತಿದ್ದಕ್ಕೆ ಬಿದ್ವು ಅನ್ಕೊಂಡ್ಯಾ? ಅಷ್ಟು ದೊಡ್ಡ ಮನುಷ್ಯಳಾ ನೀನು?"

ಅವಳು ಬಂದು ಮೆಟ್ಟಿಲ ಕೆಳಗೆ ಮಲಗಿದಳು. ಮರುದಿನ ಮತ್ತೆ ಹಿಟ್ಟು ಕುದಿಸಿದಳು. ನೀರು ಎಷ್ಟು ಹಾಕಬೇಕೆಂದು ಈಗ ಯಾರೂ ಹೇಳಬೇಕಾಗಿರಲಿಲ್ಲ.

ಬೇರೆ ಊರುಗಳಿಂದ ಅಧಿಕಾರಿಗಳು ಪರದೆ ನೋಡಲು ಬರತೊಡಗಿದರು. ಒಂದು ಸಲ ಅಂಥವರಿಗೆ ನೀರು ಕೊಡಲು ಅವಳೇ ಹೋಗಿದ್ದಳು. ಸಾಹೇಬರು ಪರದೆಯ ಮುಂದೆ ನಿಂತು ಮೆಲುದನಿಯಲ್ಲಿ ವಿವರಿಸುತ್ತಿದ್ದರು. ಮೊದಲು ಒಂದು ಅರ್ಜಿಗೆ ಹನ್ನೊಂದು ವರ್ಷ ಹಿಡಿಯುತ್ತಿತ್ತು, ಈಗ ಇಪ್ಪತ್ತಾರು ದಿನ. ಬಂದವರಲ್ಲಿ ಒಬ್ಬರು ಕೇಳಿದರು, "ಇಷ್ಟೊಂದು ತಿರಸ್ಕಾರ ಯಾಕೆ?"

"ಅದೇ ಬೇಜಾರಿನ ಸಂಗತಿ ನೋಡಿ" ಎಂದರು ಸಾಹೇಬರು. ಅವರ ಮುಖದಲ್ಲಿ ನಿಜವಾದ ಬೇಜಾರಿತ್ತು. "ಮನೆ ಬಾಗಿಲಿಗೆ ಹೋಗಿ ಕರೆದರೂ ಜನ ಬರೋದಿಲ್ಲ. ಅವರಿಗೇ ಆಸಕ್ತಿ ಇಲ್ಲ ಅಂದ್ರೆ ನಾವೇನು ಮಾಡೋಣ?"

ಅವಳು ತಟ್ಟೆ ಹಿಡಿದು ನಿಂತೇ ಇದ್ದಳು. ಬಾಯಿ ತೆರೆಯಿತು ಕೂಡ. ಸಾಹೇಬರು ಅವಳತ್ತ ತಿರುಗಿ ತುಂಬ ಸೌಜನ್ಯದಿಂದ, "ಅಮ್ಮಾ, ಪರದೆ ಮೇಲೆ ಬೆರಳ ಗುರುತು ಬಿದ್ದಿದೆ, ಆಮೇಲೆ ಸ್ವಲ್ಪ ಒರೆಸಿಬಿಡಿ" ಎಂದರು. ಅವಳು ಒರೆಸಿದಳು.

ಅವಳನ್ನು ಸಾಕಿದ್ದು ಚಿಕ್ಕಮ್ಮ. ತಾಯಿ ಹೆರಿಗೆಯಲ್ಲಿ ಹೋದಾಗ ಚಿಕ್ಕಮ್ಮನಿಗೆ ಹದಿನೆಂಟೂ ಆಗಿರಲಿಲ್ಲ. ಚಿಕ್ಕಮ್ಮ ಇದ್ದದ್ದು ಕಾಲುವೆ ಸಾಲಿನಲ್ಲಿ. ಊರಿನ ಚರಂಡಿಗೆ ಇಳಿಯುವವರು, ಸತ್ತ ದನ ನಾಯಿ ಎತ್ತುವವರು, ಎಲ್ಲರೂ ಮುಖ ತಿರುಗಿಸಿ ನಡೆಯುವ ಜನ, ಕೊಳಚೆ ಕಾಲುವೆಯ ದಂಡೆಯಲ್ಲಿ ಕಟ್ಟಿಕೊಂಡ ಐವತ್ತು ಅರವತ್ತು ಮನೆಗಳು. ಚಿಕ್ಕಪ್ಪ ಚರಂಡಿಗೆ ಇಳಿದವನು ಮೇಲೆ ಬರಲಿಲ್ಲ. ಚಿಕ್ಕಮ್ಮ ಖಾಲಿ ಸಿಮೆಂಟು ಚೀಲ ತಂದು, ಕಾಲುವೆಯ ಮೇಲ್ಗಡೆ ಒಗೆದು, ಒಣಗಿಸಿ, ಹೊಲಿದು, ತರಕಾರಿ ಮಂಡಿಗೆ ಕೊಡುತ್ತಿದ್ದಳು. ಅವಳ ರೆಪ್ಪೆಗಳ ಮೇಲೆ ಯಾವಾಗಲೂ ಬೂದು ಧೂಳಿರುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಸಾಲಿನವರೆಲ್ಲರ ಜೊತೆ ಅವಳೂ ಅರ್ಜಿ ಹಾಕಿದ್ದಳು. ಆ ರಸೀದಿಯನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಳು.

ರಜೆಯ ದಿನ ಹೋದಾಗಲೆಲ್ಲ ಒಂದೇ ಪ್ರಶ್ನೆ. "ನಮ್ಮ ಅರ್ಜಿ ಎಲ್ಲಿಗೆ ಬಂತೇ? ನೀನು ಅಲ್ಲೇ ಇರ್ತೀಯಲ್ಲ, ನೋಡ್ಬಾರ್ದಾ?"

"ಮೇಲಿನ ಮಹಡೀಲಿದೆ ಚಿಕ್ಕಮ್ಮ. ನಾನಿರೋದು ಕೆಳಗೆ."

"ನೀನು ಯಾವಾಗ ಮೇಲೆ ಹೋಗ್ತೀಯೋ, ಅದು ಯಾವಾಗ ಕೆಳಗೆ ಬರುತ್ತೋ" ಎಂದು ಚಿಕ್ಕಮ್ಮ ನಗುತ್ತಿದ್ದಳು.

ಒಂದು ಬುಧವಾರ ಬೆಳಿಗ್ಗೆ ಗುಮಾಸ್ತ ಜೀಪಿಗೆ ನೋಟೀಸಿನ ಕಟ್ಟು ಹಾಕಿ, "ಇವತ್ತು ಕಾಲುವೆ ಸಾಲು, ಮೂಗಿಗೆ ಬಟ್ಟೆ ಕಟ್ಕೋ" ಎಂದ.

ಅವಳ ಕೈ ಬಕೆಟ್ಟಿನ ಹಿಡಿಯ ಮೇಲೇ ನಿಂತಿತು. "ಸಾರ್, ಅದು ನಮ್ಮೋರ ಸಾಲು. ನಮ್ಮ ಚಿಕ್ಕಮ್ಮ ಇದ್ದಾರೆ."

"ಇದ್ರೆ?"

"ಅದೊಂದನ್ನ ಬಿಟ್ಟುಬಿಡಿ."

"ಬಿಡೋಣ. ಸಾಲೇ ಬಿಟ್ಟುಬಿಡೋಣ. ನಾನೂ ಮನೆಗೆ ಹೋಗ್ತೀನಿ, ನೀನೂ ಮೆಟ್ಟಿಲ ಕೆಳಗಿಂದ ಗಂಟುಮೂಟೆ ಎತ್ಕೊಂಡು ಹೋಗು. ಮುಂದಿನ ವಾರ ಖಾಯಂ ಪಟ್ಟಿ ಸಹಿಗೆ ಹೋಗುತ್ತೆ, ಗೋಂದು. ನಿನ್ನ ಹೆಸರು ಬರೀಲಾ, ಹೊಡೀಲಾ? ನಿಮ್ಮ ಚಿಕ್ಕಮ್ಮನ ಫೈಲು ಆಮೇಲೆ ನಾನು ನೋಡ್ಕೋತೀನಿ. ಹತ್ತು."

ಅವಳು ಜೀಪು ಹತ್ತುವ ಮುಂಚೆ ಶೆಡ್ಡಿಗೆ ಹೋಗಿ ಬಂದಳು. ಹಿಂದಿನ ದಿನದ ತಳದಲ್ಲಿ ಹೆಪ್ಪುಗಟ್ಟಿದ್ದ ಗೋಂದನ್ನು ಕೆರೆದು ಬಕೆಟ್ಟಿಗೆ ಹಾಕಿಕೊಂಡಳು. ನೀರು ಹಾಕಲಿಲ್ಲ.

ಕಾಲುವೆ ಸಾಲಿನಲ್ಲಿ ಎಲ್ಲ ಬಾಗಿಲಿಗೂ ಬೀಗ. ಮೊದಲ ಆರಕ್ಕೆ ಎಂದಿನಂತೆ ಮೂಲೆಗೊಂದು ಬೊಟ್ಟಷ್ಟೇ ಇಟ್ಟು, ಒಣಗುವ ಮುಂಚೆ ಕಿತ್ತಳು. ಚಿಕ್ಕಮ್ಮನದು ಏಳನೇ ಬಾಗಿಲು, ನೀಲಿ ಬಣ್ಣ. ಚಿಕ್ಕಪ್ಪನಿದ್ದಾಗ ಹೊಡೆದ ಬಣ್ಣ ಅದು. ಅವಳು ಕಾಗದದ ಹಿಂಬದಿಗೆಲ್ಲ ಗೋಂದು ಮೆತ್ತಿದಳು. ಅಂಗೈ ಊರಿ ಒತ್ತಿದಳು. ಫೋಟೋ ತೆಗೆದಾದರೂ ಕೈ ತೆಗೆಯಲಿಲ್ಲ.

"ಕೀಳೇ."

ಅವಳು ಅಂಚು ಎಳೆದಳು. ಮೂಲೆ ಮಾತ್ರ ಹರಿದು ಬಂತು.

ಗುಮಾಸ್ತ ಹತ್ತಿರ ಬಂದು ಬೆರಳಿನಿಂದ ಗೋಂದು ಮುಟ್ಟಿ ನೋಡಿದ. ಅವನಿಗೆ ಅರ್ಥವಾಯಿತು. ಕೂಗಾಡಲಿಲ್ಲ. ಜೀಪಿನಿಂದ ತಗಡಿನ ಚೂರೊಂದನ್ನು ತಂದು ಅವಳ ಕೈಗೆ ಕೊಟ್ಟ. "ಕೆರಿ, ಮುಂಡೆ. ಒಂದು ಅಕ್ಷರ ಉಳಿದಿದ್ರೂ ಇವತ್ತೇ ನಿನ್ನ ಗಂಟು ಬೀದಿಗೆ." ಅವಳು ಕೆರೆದಳು. ಕಾಗದದ ಜೊತೆ ನೀಲಿ ಬಣ್ಣವೂ ಸುರುಳಿ ಸುರುಳಿಯಾಗಿ ಉದುರಿತು. ಒಳಗಿನ ಮರ ಬಿಳಿಯಾಗಿ ಕಾಣುವವರೆಗೆ ಅವನು ನಿಂತು ಕೆರೆಸಿದ. ಉಳಿದ ಬಾಗಿಲುಗಳಿಗೆ ಅವನೇ ಕಾಲುವೆಯಿಂದ ನೀರು ಮೊಗೆದು ಬಕೆಟ್ಟಿಗೆ ಹಾಕಿದ.

ಭಾನುವಾರ ಅವಳು ಹೋದಾಗ ಚಿಕ್ಕಮ್ಮ ಬಾಗಿಲ ಹೊರಗೇ ಕಾದಿದ್ದಳು. ಮುಖ ಅರಳಿತ್ತು.

"ನೋಡೇ ಇಲ್ಲಿ, ಬಾಗಿಲು. ಯಾರೋ ಕೆರೆದು ನೋಡಿದ್ದಾರೆ. ಅಳತೆಗೆ ಬಂದಿದ್ರು ಅನ್ಸುತ್ತೆ. ಮರ ಎಷ್ಟು ಹಳೇದು, ಮನೆ ಎಷ್ಟು ವರ್ಷದ್ದು ಅಂತ ಹಿಂಗೇ ನೋಡ್ತಾರಂತೆ, ಪಕ್ಕದ ಮನೆಯೋಳು ಹೇಳಿದ್ಲು. ನಮ್ಮ ಅರ್ಜಿ ಅಲ್ಲಾಡಿದೆ ಕಣೇ. ನೀನು ಏನೋ ಹೇಳಿರ್ಬೇಕು ಅಲ್ಲಿ. ನಿಜ ಹೇಳು, ಹೇಳಿದ್ದೀಯ ತಾನೆ?"

ಹೇಳಲು ಅದೇ ಹೊತ್ತಾಗಿತ್ತು. ನಾಳೆ ಹತ್ತೂವರೆಗೆ ವಿಚಾರಣೆ, ಡಬ್ಬಿ ತಗೊಂಡು ಬಾ ಎಂದರೆ ಮುಗಿಯುತ್ತಿತ್ತು. ಆದರೆ ಅದನ್ನು ಹೇಳಬೇಕಾದರೆ ಬಾಗಿಲು ಕೆರೆದ ಕೈ ಯಾವುದೆಂದು ಹೇಳಬೇಕು. ಚಿಕ್ಕಮ್ಮ ಅನ್ನ ಬಡಿಸಿದಳು. ಅವಳು ತಲೆ ತಗ್ಗಿಸಿ ತಿಂದಳು. ಗುಮಾಸ್ತ ನೋಡಿಕೊಳ್ಳುತ್ತೇನೆ ಎಂದಿದ್ದಾನಲ್ಲ ಎಂದು ತುತ್ತಿಗೊಮ್ಮೆ ತನಗೆ ತಾನೇ ಹೇಳಿಕೊಂಡಳು. ಹೊರಡುವಾಗ ಚಿಕ್ಕಮ್ಮ, "ಆ ಜಾಗಕ್ಕೆ ಮತ್ತೆ ನೀಲಿ ಬಣ್ಣ ಹಚ್ಚಿಸ್ತೀನಿ, ಮಂಜೂರಾತಿ ಬಂದ್ಮೇಲೆ" ಅಂದಳು.

ಸೋಮವಾರ ವಿಚಾರಣೆಯ ಸಭಾಂಗಣದಲ್ಲಿ ಅವಳು ಕಸ ಗುಡಿಸುತ್ತಿದ್ದಳು. ಖಾಲಿ ಕುರ್ಚಿಗಳು. ಮೇಜಿನ ಹಿಂದೆ ವಿಚಾರಣಾಧಿಕಾರಿ, ಪಕ್ಕದಲ್ಲಿ ಗುಮಾಸ್ತ. ಒಬ್ಬ ಜವಾನ ಬಾಗಿಲಲ್ಲಿ ನಿಂತು ಖಾಲಿ ಪಡಸಾಲೆಗೆ ಒಂದೊಂದು ಹೆಸರನ್ನೂ ಮೂರು ಸಲ ಕೂಗುತ್ತಿದ್ದ. ಅಧಿಕಾರಿ ಪ್ರತಿ ಸಲವೂ ಒಂದು ಗೀಟು ಎಳೆಯುತ್ತಿದ್ದ. ಆರು ಹೆಸರಾಯಿತು. ಏಳನೆಯದು ಚಿಕ್ಕಮ್ಮನ ಹೆಸರು. ಒಂದು ಸಲ ಕೂಗಿದ. ಎರಡು ಸಲ ಕೂಗಿದ. ಅವಳು ಗುಮಾಸ್ತನ ಮುಖ ನೋಡಿದಳು. ಅವನು ಮುಂದಿನ ಫೈಲು ತೆರೆಯುತ್ತಿದ್ದ.

"ಇದ್ದಾರೆ" ಎಂದಳು ಅವಳು.

ಅಧಿಕಾರಿ ತಲೆಯೆತ್ತಿದ. "ಯಾರು?"

"ನಮ್ಮ ಚಿಕ್ಕಮ್ಮ ಅವ್ರು. ಬದುಕಿದ್ದಾರೆ, ಮನೇಲೇ ಇದ್ದಾರೆ. ಕರ್ಕೊಂಡು ಬರ್ತೀನಿ ಸಾಮಿ."

"ಅರ್ಜಿದಾರರೇ ಹಾಜರಿರಬೇಕು. ನಿನ್ನ ಹತ್ರ ಅಧಿಕಾರಪತ್ರ ಇದೆಯಾ?"

ಅವಳು ಪೊರಕೆಯನ್ನು ಅಲ್ಲೇ ಬಿಟ್ಟು ಓಡಿದಳು. ಕಾಲುವೆ ಸಾಲು ಊರಿನ ಇನ್ನೊಂದು ಕೊನೆ. ಬಸ್ಸು ಸಿಗಲಿಲ್ಲ, ಅರ್ಧ ದಾರಿ ಓಡಿದಳು, ಅರ್ಧ ದಾರಿ ಯಾರದೋ ತಳ್ಳುಗಾಡಿಯ ಹಿಂದೆ ಕೂತಳು. ಚೀಲ ಒಗೆಯುತ್ತಿದ್ದ ಚಿಕ್ಕಮ್ಮನನ್ನು ಒದ್ದೆ ಕಾಲಲ್ಲೇ ಎಬ್ಬಿಸಿ, ಡಬ್ಬಿ ಹಿಡಿಸಿ ಕರೆತಂದಾಗ ಒಂದು ಗಂಟೆ. ಪರದೆಯ ಮೇಲೆ ಕಾಲುವೆ ಸಾಲು ಪೂರ್ತಿ ಹಸಿರಾಗಿತ್ತು.

ಹೊಸ ವ್ಯವಸ್ಥೆಯಲ್ಲಿ ಯಾರೂ ನೇರವಾಗಿ ಒಳಗೆ ಹೋಗುವಂತಿರಲಿಲ್ಲ. ಟೋಕನ್ನಿನ ಯಂತ್ರಕ್ಕೆ ನೋಟೀಸಿನ ಸಂಖ್ಯೆ ಒತ್ತಬೇಕು. ಚಿಕ್ಕಮ್ಮ ಡಬ್ಬಿ ತೆರೆದು ಹನ್ನೊಂದು ವರ್ಷದ ರಸೀದಿಯನ್ನು ಯಂತ್ರದ ಮುಂದೆ ಹಿಡಿದಳು, ಅದಕ್ಕೆ ಕಣ್ಣಿದೆಯೇನೋ ಎಂಬಂತೆ. ಗುಮಾಸ್ತ ಹೊರಗೆ ಬಂದ.

"ಅಜ್ಜಿ, ಕರೆದಾಗ ಬರ್ಲಿಲ್ಲ. ಈಗ ಬಂದು ಏನು ಮಾಡ್ತೀಯ?"

"ಯಾವಾಗ ಕರೆದ್ರಪ್ಪ? ನೋಟೀಸೇ ಬಂದಿಲ್ಲ. ಬಂದಿದ್ರೆ ಮುಂಜಾನೆಯಿಂದ ಬಂದು ಕೂತ್ಕೋತಿದ್ದೆ."

"ಬಂದಿಲ್ವಾ? ನೋಡು." ಅವನು ಫೋನು ತೆಗೆದು ತೋರಿಸಿದ.

ಚಿಕ್ಕಮ್ಮ ಫೋನನ್ನು ಎರಡು ಕೈಯಲ್ಲಿ ಹಿಡಿದು ಕಣ್ಣಿನ ಹತ್ತಿರ ತಂದಳು. "ಬಾಗಿಲು ನಮ್ದೇ" ಎಂದಳು. ಫೋಟೋದಲ್ಲಿ ಕಾಗದವನ್ನು ಒತ್ತಿ ಹಿಡಿದ ಕೈಯೊಂದಿತ್ತು. ಅದರ ಕಿರುಬೆರಳು ಹೊರಗೆ ಸೊಟ್ಟಗೆ ಬಾಗಿತ್ತು. ಐದು ವರ್ಷದ ಹುಡುಗಿ ಕಾಲುವೆ ದಂಡೆಯಿಂದ ಬಿದ್ದು ಬೆರಳು ಮುರಿದುಕೊಂಡಾಗ, ಆಸ್ಪತ್ರೆಯವರು ಆ ಸಾಲಿನ ಮಗುವೆಂದು ಒಳಗೆ ಬಿಡದಿದ್ದಾಗ, ಚಿಕ್ಕಮ್ಮನೇ ಕಡ್ಡಿ ಕಟ್ಟಿ ಕೂಡಿಸಿದ ಬೆರಳು. ನೆಟ್ಟಗೆ ಕೂಡಿರಲಿಲ್ಲ.

ಚಿಕ್ಕಮ್ಮ ಫೋನನ್ನು ಗುಮಾಸ್ತನಿಗೆ ಹಿಂದೆ ಕೊಟ್ಟಳು. ಪಕ್ಕದಲ್ಲಿ ನಿಂತವಳ ಮುಖ ನೋಡಲಿಲ್ಲ, ಕೈ ಮಾತ್ರ ನೋಡಿದಳು. ರಸೀದಿಯನ್ನು ಮಡಿಸಿ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಮೆಟ್ಟಿಲು ಇಳಿದಳು. ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಊರಿ.

ಹದಿನಾಲ್ಕನೇ ದಿನ ಮನೆ ಕೆಡವುವ ಯಂತ್ರ ಬಂತು. ಕಾಲುವೆ ಸಾಲಿನವರು ಕಲ್ಲು ಹಿಡಿದರು, ಪೋಲೀಸರು ಲಾಠಿ ಹಿಡಿದರು, ಮಧ್ಯಾಹ್ನದೊಳಗೆ ಎಲ್ಲ ನೆಲಸಮ. ಅವಳನ್ನು ಕಸ ಬಳಿಯಲು ಕಳಿಸಿರಲಿಲ್ಲ. ತಾನೇ ಹೋದಳು. ಚಿಕ್ಕಮ್ಮ ಒಗೆದ ಚೀಲಗಳ ರಾಶಿಯ ಮೇಲೆ ಕೂತು, ಸೂಜಿಗೆ ದಾರ ಪೋಣಿಸಲು ನೋಡುತ್ತಿದ್ದಳು. ಹೊಲಿಯಲು ಏನನ್ನೂ ಕೈಗೆತ್ತಿಕೊಂಡಿರಲಿಲ್ಲ, ಆದರೂ ಪೋಣಿಸುತ್ತಿದ್ದಳು. ಧೂಳಿಗೆ ದಾರ ಕಾಣುತ್ತಿರಲಿಲ್ಲ. ಅವಳು ಹತ್ತಿರ ಕೂತು ಸೂಜಿ ಇಸಿದುಕೊಳ್ಳಲು ಕೈ ಚಾಚಿದಳು. ಚಿಕ್ಕಮ್ಮ ಕೊಡಲಿಲ್ಲ.

ಸೂಜಿಯಿಂದ ಕಣ್ಣು ತೆಗೆಯದೆ ಕೇಳಿದಳು. "ಖಾಯಂ ಆಯ್ತೇನೇ?"

ಅದರಲ್ಲಿ ಕೊಂಕಿರಲಿಲ್ಲ. ಅದನ್ನೇ ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಮಗಳು ಇಷ್ಟು ಮಾಡಿದ್ದಾಳೆ, ಅಷ್ಟಾದರೂ ದಕ್ಕಿತೋ ಇಲ್ಲವೋ ಎಂದು ಚಿಕ್ಕಮ್ಮ ನಿಜವಾಗಿಯೂ ತಿಳಿಯಬಯಸಿದ್ದಳು.

"ಇಲ್ಲ ಚಿಕ್ಕಮ್ಮ."

"ಹ್ಞೂ" ಎಂದಳು ಚಿಕ್ಕಮ್ಮ. ಮತ್ತೆ ದಾರದ ತುದಿಯನ್ನು ನಾಲಗೆಯಿಂದ ಒದ್ದೆ ಮಾಡಿದಳು. ಆಮೇಲೆ ಅವಳ ಜೊತೆ ಮಾತಾಡಲಿಲ್ಲ. ಅವತ್ತಲ್ಲ, ಮರುದಿನವಲ್ಲ, ಬಸ್ ಡಿಪೋದ ಗೋಡೆಗೆ ಚೀಲಗಳನ್ನು ಇಳಿಬಿಟ್ಟು ವಾಸ ಮಾಡತೊಡಗಿದ ಮೇಲೂ ಇಲ್ಲ. ಅವಳು ತಂದಿಟ್ಟ ಊಟವನ್ನು ಚಿಕ್ಕಮ್ಮ ಪಕ್ಕದವರಿಗೆ ಕೊಡುತ್ತಿದ್ದಳು.

ಆ ವಾರ ಗುಡ್ಡದ ಸಾಲಿನ ಸರದಿ. ನೂರಾ ಎಂಬತ್ತು ಬಾಗಿಲು. ಅವಳು ಹಿಟ್ಟು ಕುದಿಸಿದಳು, ನೀರು ಹಾಕಿದಳು, ಅಂಟಿಸಿದಳು, ಕಿತ್ತಳು. ಗುಮಾಸ್ತ ಸಂತೋಷಗೊಂಡು, "ಈಗ ಬುದ್ಧಿ ಬಂತು ನೋಡು" ಎಂದ. ಕಿತ್ತ ನೋಟೀಸುಗಳನ್ನು ಶೆಡ್ಡಿನ ಹಿಂದೆ ಸುಡುವುದು ಅವಳದೇ ಕೆಲಸ. ಅವತ್ತು ಅವಳು ಬರಿಯ ಹಳೆಯ ರಟ್ಟು ಸುಟ್ಟು ಹೊಗೆ ಎಬ್ಬಿಸಿದಳು. ನೋಟೀಸುಗಳನ್ನು ಮೆಟ್ಟಿಲ ಕೆಳಗೆ ಒಂದೊಂದಾಗಿ ಬಿಡಿಸಿ, ಗೋಡೆಗೆ, ಹಾಸಿಗೆಗೆ, ತನ್ನ ಟ್ರಂಕಿನ ಮೇಲೆ ಹರಡಿ ಒಣಗಿಸಿದಳು. ಮನೆ ಸಂಖ್ಯೆಯ ಪ್ರಕಾರ ಜೋಡಿಸಿದಳು. ಅಂಕಿ ಬರುತ್ತಿತ್ತಲ್ಲ.

ಮರುದಿನ ಸಂಜೆ, ಜನ ದುಡಿಮೆಯಿಂದ ಹಿಂದಿರುಗುವ ಹೊತ್ತಿಗೆ ಗುಡ್ಡ ಹತ್ತಿದಳು. ಮೊದಲ ಬಾಗಿಲು ತೆರೆದವಳು ಗಾರೆ ಕೆಲಸದ ಹೆಂಗಸು, ಇನ್ನೂ ಮೊಣಕೈವರೆಗೆ ಸಿಮೆಂಟು.

"ಇದು ನಿಮ್ಮ ನೋಟೀಸು. ಗುರುವಾರ ಹತ್ತೂವರೆಗೆ ಕರೆದಿದ್ದಾರೆ. ಹೋಗದಿದ್ರೆ ಮನೆ ಬೀಳಿಸ್ತಾರೆ. ಇರೋ ಕಾಗದ ಎಲ್ಲ ತಗೊಂಡು ಹೋಗಿ."

ಹೆಂಗಸು ಕಾಗದ ತಿರುಗಿಸಿ ನೋಡಿದಳು. ಹಿಂದೆ ನಾಲ್ಕು ಮೂಲೆಯಲ್ಲಿ ಗೋಂದಿನ ಕಲೆ. "ಇದು ನಿನ್ನ ಹತ್ರ ಹೆಂಗೆ ಬಂತು? ನೀನ್ಯಾರು?"

"ನಿನ್ನೆ ನಿಮ್ಮ ಬಾಗಿಲಿಗೆ ಅಂಟಿಸಿ ಕಿತ್ತೋಳು."

ಹೆಂಗಸಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಸಿಮೆಂಟಿನ ಕೈಯಿಂದಲೇ ಕೆನ್ನೆಗೆ ಬಾರಿಸಿದಳು. "ಕಿತ್ಯಾ? ನನ್ನ ಮಕ್ಕಳ ತಲೆ ಮೇಲಿನ ಸೂರು ಕಿತ್ಯಾ, ಬೋಳಿ?" ಅವಳು ಕೆನ್ನೆ ಒರೆಸಿಕೊಳ್ಳಲಿಲ್ಲ. "ಗುರುವಾರ ಹತ್ತೂವರೆ" ಎಂದು ಇನ್ನೊಂದು ಸಲ ಹೇಳಿ ಪಕ್ಕದ ಬಾಗಿಲಿಗೆ ಹೋದಳು. ಅಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ಒಬ್ಬ ಉಗಿದ, ಒಬ್ಬಳು ಅತ್ತಳು. ಒಬ್ಬ ಮುದುಕ ಕೂರಿಸಿ ನೀರು ಕೊಟ್ಟ, ಅದು ಎಲ್ಲಕ್ಕಿಂತ ಕಷ್ಟವಾಯಿತು. ನೂರಾ ಎಂಬತ್ತು ಬಾಗಿಲಿಗೆ ಮೂರು ಸಂಜೆ ಬೇಕಾಯಿತು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೇ ಮೆಟ್ಟಿಲ ಮೇಲೆ ಕಾಲುಗಳ ಸದ್ದು ಶುರುವಾಯಿತು. ಇಳಿಯುವ ಸದ್ದಿಲ್ಲ, ಬರೀ ಹತ್ತುವುದು. ಸಭಾಂಗಣ ತುಂಬಿತು, ಪಡಸಾಲೆ ತುಂಬಿತು, ಪರದೆಯ ಮುಂದಿನ ಹೊಳೆಯುವ ನೆಲದ ಮೇಲೆ ಜನ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಟೋಕನ್ನಿನ ಯಂತ್ರದ ಕಾಗದ ಎರಡು ಸಲ ಮುಗಿಯಿತು. ಗುಮಾಸ್ತ ಬೆವರುತ್ತ ಬಂದು ಅವಳ ರಟ್ಟೆ ಹಿಡಿದ. "ನಿನ್ನ ಕೆಲಸಾನಾ ಇದು, ಸೂಳೆಮುಂಡೆ? ಗುಡಿಸಿ ಹೊರಗೆ ಹಾಕು ಇವರನ್ನೆಲ್ಲ. ಇಲ್ಲಾ ನೀನೂ ಹೋಗು."

ಅವಳು ಪೊರಕೆಯನ್ನು ಅವನ ಕೈಗೆ ಕೊಟ್ಟು ಹೋಗಿ ಜನರ ನಡುವೆ ಕೂತಳು. ಗಾರೆ ಕೆಲಸದ ಹೆಂಗಸು ತನ್ನ ಚೀಲವನ್ನು ಎಳೆದುಕೊಂಡು ಸ್ವಲ್ಪ ಆಚೆ ಸರಿದಳು. ಇನ್ನೊಂದು ಪಕ್ಕದವನೂ ಸರಿದ. ಕಾಲಿಡಲು ಜಾಗವಿಲ್ಲದ ಆ ಕೋಣೆಯಲ್ಲಿ ಅವಳ ಸುತ್ತ ಮಾತ್ರ ಒಂದೊಂದು ಮೊಳ ಖಾಲಿ ಉಳಿಯಿತು.

ಮೊದಲ ಹೆಸರು ಕೂಗಿದಾಗ ಗಾರೆ ಹೆಂಗಸು ಎದ್ದು ಹೋಗಿ, ನೋಟೀಸು ಕೈಗೆ ಬಂದ ಬಗೆಯನ್ನು ಹೇಳಿದಳು. ಅಧಿಕಾರಿ ಕಾಗದಗಳನ್ನು ನೋಡಿದ. "ಇದು ಬಾಗಿಲಲ್ಲಿದ್ದ ನೋಟೀಸು. ಕಿತ್ತು ಮತ್ತೆ ತಂದುಕೊಟ್ರು ಅಂತೀಯಲ್ಲ, ಯಾರಮ್ಮ ಕಿತ್ತಿದ್ದು?"

ಹೆಂಗಸು ಹಿಂದೆ ತಿರುಗಿ ನೋಡಿದಳು. ಬೆರಳು ತೋರಿಸುವ ಮುಂಚೆಯೇ ಅವಳು ಎದ್ದು ನಿಂತಿದ್ದಳು.

"ನಾನು ಕಿತ್ತಿದ್ದು ಸಾಮಿ. ಬರ್ಕೊಳ್ಳಿ."

ಸಾಹೇಬರು ಬಾಗಿಲಿಗೆ ಬಂದಿದ್ದರು. "ಏನಮ್ಮಾ ಇದು, ಒಳಗೆ ಬನ್ನಿ, ಕೂತು ಮಾತಾಡೋಣ" ಎಂದರು, ಅದೇ ಸೌಜನ್ಯದಿಂದ. ಅವಳು ಅವರತ್ತ ನೋಡಲಿಲ್ಲ.

"ಕೊಡೆ ರಿಪೇರಿ ಸಾಲು, ನಲವತ್ತೆರಡು ಬಾಗಿಲು, ನಾನು ಅಂಟಿಸಿದೆ, ನಾನು ಕಿತ್ತೆ. ಹಳೇ ಗೋದಾಮಿನ ಹಿಂದೆ, ನೂರಾ ಹತ್ತು. ಕಾಲುವೆ ಸಾಲು, ಐವತ್ತೇಳು. ಅದ್ರಲ್ಲಿ ಏಳನೇದು ನಮ್ಮ ಚಿಕ್ಕಮ್ಮಂದು. ನೋಟೀಸು ಮುಟ್ಟಿಲ್ಲ. ಒಬ್ರಿಗೂ ಮುಟ್ಟಿಲ್ಲ. ಬರ್ಕೊಳ್ಳಿ."

ಅಧಿಕಾರಿ ಪೆನ್ನು ಹಿಡಿದಿದ್ದ. ಸಾಹೇಬರ ಮುಖ ನೋಡಿದ, ಗುಮಾಸ್ತನ ಮುಖ ನೋಡಿದ. ಪೆನ್ನು ಕಾಗದಕ್ಕೆ ಇಳಿಯಲಿಲ್ಲ.

ಅವಳು ಮತ್ತೆ ಕೊಡೆ ರಿಪೇರಿ ಸಾಲಿನಿಂದ ಹೇಳತೊಡಗಿದಳು.